ನಾನು ಅಡ್ಡ ನಿಂತಲ್ಲಿ ಇದ್ದ ಚಿತ್ರಗಳು

ಅಧ್ಯಕ್ಷರಾದ ಸತೀಶಕುಮಾರ ಅವರೇ, ಬಸವಕಲ್ಯಾಣದಿಂದ ಬಸ್ಸಿನಲ್ಲಿ ನಿಂತೇ ಬಂದು ಈಗ ವೇದಿಕೆಯಲ್ಲಿ ಕುಳಿತಿರುವ ಅತಿಥಿಗಳೇ, ನನ್ನ ಬಣ್ಣದ ಅಂಗಡಿಯ ಮೆಟ್ಟಿಲು ಹತ್ತಿ ಇನ್ನೂ ಏದುಸಿರು ಬಿಡುತ್ತಿರುವ ಸಭಿಕರೇ,

ನಾನು ವೈಜನಾಥ. ಹುಮನಾಬಾದಿನ ಈ ಚಿತ್ರಶಾಲೆಯನ್ನು ನಡೆಸುವವರು ಕಲಾವಿದರು, ಮಾಳಿಗೆ ನನ್ನದು. ಬಣ್ಣವೂ ನನ್ನದೇ. ನಮ್ಮ ಬಣ್ಣ ಎಷ್ಟು ಗಟ್ಟಿ ಎಂದರೆ, ಗೋಡೆ ಬಿದ್ದರೂ ಬಣ್ಣ ನಿಂತಿರುತ್ತದೆ!

ನಗಲಿಲ್ಲವೇ? ಇರಲಿ. ಹಿಂದೊಮ್ಮೆ ಇದೇ ಮಾತಿಗೆ ಇದೇ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಆ ಭರವಸೆಯ ಮೇಲೆ ಪ್ರತಿ ಉದ್ಘಾಟನೆಗೂ ಹೇಳುತ್ತ ಬಂದಿದ್ದೇನೆ.

ಇಲ್ಲಿಯ ಪದ್ಧತಿ ನಿಮಗೆ ಗೊತ್ತು. ಪ್ರದರ್ಶನ ಮುಗಿದರೆ ಚಿತ್ರಗಳ ಮೇಲೆ ಬಿಳಿ ಬಳಿದು, ಅದೇ ಹಲಗೆಗಳ ಮೇಲೆ ಮುಂದಿನವರು ಬರೆಯುತ್ತಾರೆ. ಬಿಳಿ ಬಣ್ಣವೂ ನಮ್ಮ ಅಂಗಡಿಯದೇ, ನನಗೇನು ನಷ್ಟ? ಹೀಗಾಗಿ ಉಳಿದಿರುವ ದಾಖಲೆ ಎಂದರೆ ಒಂದು ಪೆಟ್ಟಿಗೆ ಉದ್ಘಾಟನೆಯ ಫೋಟೋಗಳು. ಅವುಗಳಲ್ಲಿ ಚಿತ್ರ ಕಾಣುತ್ತದೆಯೇ? ಇಲ್ಲ. ಮತ್ತೆ ಯಾರು ಕಾಣುತ್ತಾರೆ? ಚಿತ್ರಕ್ಕೆ ಬೆನ್ನು ಕೊಟ್ಟು, ಶಾಲು ಹೊದ್ದು, ನಟ್ಟನಡುವೆ, ನಾನು!

ಈ ಫೋಟೋಗಳಿಂದ ಹೊಸ ಕಲೆ ಮಾಡುತ್ತೇನೆ ಎಂದು ಇಂದಿನ ಪ್ರದರ್ಶನದ ಕಲಾವಿದೆ ಪ್ರಣಿತಾ ಬಂದಾಗ ಹಿಗ್ಗಿ ಪೆಟ್ಟಿಗೆ ಕೊಟ್ಟೆ. ಇಂದು ಮುಂಜಾನೆ ಬಂದು ನೋಡಿದರೆ, ದೊಡ್ಡದು ಮಾಡಿ ತೂಗುಹಾಕಿದ ಒಂದು ಫೋಟೋದಲ್ಲೂ ನಾನಿಲ್ಲ.

"ಏನವ್ವಾ, ನಾ ಎಲ್ಲಿ ಹೋದೆ?"

"ಕಾಕಾ, ನಿಮ್ಮನ್ನ ಕತ್ರಿಲೆ ತಗದೀನ್ರಿ. ನೀವು ಅಡ್ಡ ನಿಂತ ಜಾಗಾದಾಗ ಏನಿತ್ತೋ ಅದನ್ನ, ಮೊದಲ ಬರದವರ ಕೈಲೇ ನೆನಪು ಮಾಡಿ ಬರಸೀನಿ."

ನೋಡುತ್ತೇನೆ, ನನ್ನ ಹೊಟ್ಟೆ ಇದ್ದ ಜಾಗದಲ್ಲಿ ಎರಡು ಎಮ್ಮೆ ಮೇಯುತ್ತಿವೆ. ಬರೆದವನು ಚಿಟಗುಪ್ಪದ ದತ್ತಾತ್ರಿ. "ಸಾವ್ಕಾರ್ರ, ಮೊದಲಿನ ಫೋಟೋದಾಗ ಎಮ್ಮಿ ಬಾಲ ಅಷ್ಟಾ ಹಿಡೀತಿತ್ತು. ನೀವು ದಪ್ಪ ಆದಂಗ ನಮಗ ಜಾಗಾ ಚಲೋ ಸಿಕ್ತು" ಎನ್ನುತ್ತಾನೆ!

ನಾನು ಕೆಳಗಿಳಿದು, ಮಾಳಿಗೆಯ ಬಾಗಿಲಿಗೆ ಜಡಿಯಲು ದೊಡ್ಡ ಕೀಲಿ ತಂದೆ. ಗೋಡೆಯ ಮೇಲೆ ನನ್ನ ಮುಖ ಬರದಿದ್ದರೆ ಪ್ರದರ್ಶನವೂ ಇಲ್ಲ, ಮಾಳಿಗೆಯೂ ಇಲ್ಲ ಎಂದೆ. ಪ್ರಣಿತಾಳ ಕಣ್ಣಲ್ಲಿ ನೀರು. ಆಗ ನನ್ನ ಮನೆಯಾಕೆ ರುಕ್ಮಿಣಿಬಾಯಿ, "ಮೊದಲ ಆ ಕಡೀದು ನೋಡ್ರಿ" ಎಂದಳು. ಈಕೆ ದಿನಾ ಮಧ್ಯಾಹ್ನ ಮಾಳಿಗೆ ಹತ್ತುವುದು ಗಿಡಗಳಿಗೆ ನೀರು ಹಾಕಲು ಎಂದು ತಿಳಿದಿದ್ದೆ. ಮಾಳಿಗೆಯಲ್ಲಿ ಗಿಡಗಳೇ ಇಲ್ಲ ಎಂಬುದು ಇವತ್ತು ಗೊತ್ತಾಯಿತು.

ಕಡೆಯ ಫೋಟೋದಲ್ಲಿ, ನನ್ನನ್ನು ಕತ್ತರಿಸಿದ ಜಾಗದಲ್ಲಿ, ನಾನೇ ಇದ್ದೆ! ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು, ಬಾಯಿ ತೆರೆದು, ಮೂಗಿನ ಮೇಲೊಂದು ನೊಣ ಕೂರಿಸಿಕೊಂಡು ಗಾಢ ನಿದ್ದೆಯಲ್ಲಿ.

"ಇದನ್ನ ನೀ ಬರದಿದ್ದೇನ?" ಎಂದು ರುಕ್ಮಿಣಿಯನ್ನು ಕೇಳಿದೆ.

"ಹೂಂ ಮತ್ತ. ಅವತ್ತ ಇದರ ಬಾಜೂಕ ನಿಂತು ಗ್ವಾಡಿ ಬಿದ್ರೂ ಬಣ್ಣ ಅಂತ ಭಾಷಣ ಹೊಡದ್ರಿ. ಮಂದಿ ನಿಮ್ಮನ್ನೊಮ್ಮೆ, ಇದನ್ನೊಮ್ಮೆ ನೋಡಿ ನಕ್ಕರು. ಆಮ್ಯಾಲ ಫೋಟೋಕ್ಕ ಇದರ ಮುಂದೇ ನಿಂತ್ರಿ. ಒಮ್ಮೆರ ಹೊಳ್ಳಿ ನೋಡಿದ್ರೇನು? ಜೋಕ್ ಹತ್ತಿತು ಅಂತ ಖುಷಿ ಆಗಿದ್ರಿ. ನಾ ಹ್ಯಾಂಗ ಹೇಳ್ಲಿ?"

ಸಭಿಕರೇ, ಈಗ ನಗುತ್ತಿದ್ದೀರಿ. ನಗಿರಿ, ಅದು ಹಳೆಯ ಬಾಕಿ.

ಗೋಡೆಯ ಮೇಲೆ ಮುಖ ಬೇಕೆಂದಿದ್ದೆ, ಸಿಕ್ಕಿದೆ. ತಂದ ಕೀಲಿಯನ್ನು ಕೆಳಗೆ ಅಂಗಡಿಗೇ ಹಾಕಿದ್ದೇನೆ. ಗಲ್ಲಾಪೆಟ್ಟಿಗೆಯ ಮೇಲೆ ಮಲಗಿದವನಿಗೂ ಚಿತ್ರಕ್ಕೂ ಹೋಲಿಕೆ ಸರಿಯಿದೆಯೇ ಎಂದು ಇವತ್ತು ಯಾರೂ ಅಂಗಡಿಯೊಳಗೆ ಇಣುಕಿ ನೋಡುವಂತಿಲ್ಲ. ಈ ಚಿತ್ರದ ಮೇಲೆ ಬಳಿಯಲು ಯಾರಾದರೂ ಬಿಳಿ ಬಣ್ಣ ಕೇಳಿದರೆ, ಸ್ಟಾಕಿಲ್ಲ ಎನ್ನುತ್ತೇನೆ.

ಫೋಟೋ ತೆಗೆಯುವ ಅಜರ್, ನನ್ನನ್ನು ಕೈಮಾಡಿ ಕರೆಯಬೇಡಪ್ಪ, ನಾನು ಬರುವುದಿಲ್ಲ. ರುಕ್ಮಿಣಿ, ನೀನು ಹೋಗು. ನಿನ್ನ ಚಿತ್ರದ ಪಕ್ಕದಲ್ಲಿ ನಿಲ್ಲು, ಮುಂದೆ ಅಲ್ಲ.

ಇಷ್ಟು ಹೊತ್ತು ಮೈಕಿಗೂ ಅಡ್ಡ ನಿಂತವನನ್ನು ಸಹಿಸಿದ ನಿಮಗೆಲ್ಲ ಧನ್ಯವಾದ. ಸರಿದುಕೊಳ್ಳುತ್ತೇನೆ. ನಮಸ್ಕಾರ.