ಕೋಳಿ ಕತ್ತರಿಸುವ ಮುನ್ನ ಎರಡು ಮಾತು

ಅಧ್ಯಕ್ಷರಾದ ಜಂಬಪ್ಪನವರೇ, ವೇದಿಕೆಯ ಹಿರಿಯರೇ, ಊಟದ ವಾಸನೆ ಇನ್ನೂ ಬರಲಿಲ್ಲವೆಂದು ಹಿಂಬಾಗಿಲ ಕಡೆ ನೋಡುತ್ತಿರುವ ಹೊಸಪೇಟೆ–ಕಂಪ್ಲಿ ಕೋಳಿ ವ್ಯಾಪಾರಸ್ಥರ ಸಂಘದ ಸಭಿಕರೇ, ಲೇಡೀಸ್ ಅಂಡ್ ಜೆಂಟಲ್‌ಮೆನ್,

ಇಂದು ಸನ್ಮಾನ, ಕೋಳಿ ಪರೀಕ್ಷೆಗೆ ಹೊಸ ಕ್ರಮ ತಂದ ತ್ರಿವೇಣಿ ಮೇಡಂಗೆ. ಆದರೆ ಅವರೇ ಬಂದಿಲ್ಲ. ಪಕ್ಕದ ಬೀದಿಯ ಪ್ರಯೋಗಾಲಯದಲ್ಲಿ ಯಂತ್ರದ ಮುಂದೆ ಕುಳಿತಿದ್ದಾರೆ. ನಡೆಯುತ್ತಿರುವುದು ಇಂದಿನ ಊಟಕ್ಕೆ ನನ್ನ ಅಂಗಡಿಯಿಂದ ನಿನ್ನೆಯೇ ಐಸ್ ಪೆಟ್ಟಿಗೆಯಲ್ಲಿ ಬಂದ ಕೋಳಿಯ ಪರೀಕ್ಷೆ. ಅದರಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇಲ್ಲವೆಂದು ಅವರು ಹೇಳುವವರೆಗೆ ಕತ್ತಿ ಮುಟ್ಟಬಾರದೆಂದು ಅಡುಗೆಯ ಕನಕರಾಜ್‌ಗೆ ನಾನೇ ಎದೆಯುಬ್ಬಿಸಿ ಹೇಳಿದ್ದೇನೆ. ನನ್ನ ಅಂಗಡಿಯ ಹೆಸರು ಈಗ ಆ ಯಂತ್ರದೊಳಗಿದೆ. ಅಷ್ಟರಲ್ಲಿ ಅಧ್ಯಕ್ಷರು ಕಿವಿಯಲ್ಲಿ, “ಪಂಪಣ್ಣ, ಮೇಡಂ ಬರೋತನಕ ಏನರ ಮಾತಾಡಪಾ, ನಿನಗ ಹೇಳಿಕೊಡಬೇಕೇನು?” ಎಂದರು.

ಮೊದಲು ನಮ್ಮಲ್ಲಿ ಪರೀಕ್ಷೆ ಎಂದರೆ ಏನಿತ್ತು? ನನ್ನ ಹೆಂಡತಿ ಹೊಳೆಮ್ಮನ ಮೂಗಿತ್ತು. ಆಕೆ ಮೂಸಿ “ಹೂಂ” ಎಂದರೆ ಎಮ್ಮಿಗನೂರಿನ ಗಿರಾಕಿಯೂ ಕಣ್ಣು ಮುಚ್ಚಿಕೊಂಡು ಒಯ್ಯುತ್ತಿದ್ದ. ಆಕೆ ತೀರಿಹೋದ ಮೇಲೆ ನಾನೂ ಮೂಸಿ ನೋಡಿದೆ. ಬರೀ ಕೋಳಿ ವಾಸನೆ ಬಂತು. ಆಗ ಮಾದರಿ ಕೇಳಲು ಬಂದ ಮೇಡಂ, “ಯಜಮಾನ್ರ, ಈ ರೋಗಾಣುವಿಗೆ ವಾಸನಿನೇ ಇರೋದಿಲ್ರಿ” ಎಂದರು. ಹಾಗಾದರೆ ನಮ್ಮ ಹೊಳೆಮ್ಮ ಮೂಸಿದ್ದು ಸುಳ್ಳೇ ಎಂದೆ. “ಅಮ್ಮಾರು ಕೊಳೆತಿದ್ದನ್ನ ಹಿಡೀತಿದ್ರು, ಅದೂ ಬೇಕ್ರಿ.” ಎಷ್ಟು ಮೆತ್ತಗೆ ಹೇಳಿದರು ನೋಡಿ!

ಪ್ರಯೋಗಾಲಯದ ಹಳೆಯ ಕ್ರಮದಲ್ಲಿ ನಾಲ್ಕೈದು ದಿನಕ್ಕೆ ಉತ್ತರ ಬರುವಷ್ಟರಲ್ಲಿ ಜನ ಕೋಳಿ ತಿಂದು ಮರೆತಿರುತ್ತಿದ್ದರು. ಮೇಡಂ ಏನು ಮಾಡಿದರು? ಕೋಳಿ ತೊಳೆದ ನೀರಿಗೆ ಮೊದಲು ರೋಗಾಣುವಿನ ಆಹಾರ ಬೆರೆಸಿ, ಥಂಡಿಯಲ್ಲಿ ಸೋತ ರೋಗಾಣು ಚೇತರಿಸಿಕೊಂಡ ಮೇಲೆ ಯಂತ್ರದಲ್ಲಿ ಹುಡುಕಿದರು. ಮರುದಿನವೇ ಉತ್ತರ! ಇದಕ್ಕೆ ಇಂಗ್ಲಿಷಿನಲ್ಲಿ ರಿಕವರಿ... ರಿಕವರಿ ಏನೋ ಒಂದು. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಅಷ್ಟೇ ಉಳಿದಿದೆ. ಬೇಯಿಸಿದರೆ ಸಾಯುತ್ತದಲ್ಲ ಎನ್ನುತ್ತೀರಾ? ಸಾಯುತ್ತದೆ. ಆದರೆ ಅದೇ ಕೈ, ಅದೇ ಕತ್ತಿ ಹಸಿ ಈರುಳ್ಳಿಯನ್ನೂ ಹೆಚ್ಚುವುದಿಲ್ಲವೇ?

ಓ, ಬಂದರು. ಬರ್ರಿ ತಾಯಿ, ಮುಂದ ಬರ್ರಿ. ಯಾಕ ಬಾಗಿಲದಾಗ ನಿಂತ್ರಿ?

ತಿಳೀತು ಬಿಡ್ರಿ. ಐತಿ.

ಸಭಿಕರೇ, ನನ್ನ ಕೋಳಿಯಲ್ಲಿ ರೋಗಾಣು ಇದೆ. ಕನಕರಾಜ, ಪೆಟ್ಟಿಗಿ ತೆಗಿಬ್ಯಾಡಪಾ. ಅನ್ನ, ಬದನೆಕಾಯಿ ಪಲ್ಯ ಬಡಿಸು. ನಗುವವರು ನಗಬಹುದು. ಮೇಡಂ, ನೀವು ಮಾತ್ರ ತಲೆ ತಗ್ಗಿಸಬೇಡಿ. ಹೊಳೆಮ್ಮನೂ ಹಾಗೆಯೇ; ಮಾಲು ಕೆಟ್ಟಿದೆ ಎನ್ನುವಾಗ ನನಗೆ ನೋವಾದೀತೆಂದು ಬುಟ್ಟಿಯನ್ನೇ ನೋಡುತ್ತಾ ಹೇಳುತ್ತಿದ್ದಳು. ಗಂಡ ಹೆಂಡತಿಗೆ ಥ್ಯಾಂಕ್ಸ್ ಎನ್ನುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ.

ಅಧ್ಯಕ್ಷರೇ, ಆ ಶಾಲು ಇತ್ತ ಕೊಡಿ. ಕೋಳಿ ನನ್ನದು, ಹೊದಿಸುವ ಹಕ್ಕೂ ನನ್ನದೇ. ಥ್ಯಾಂಕ್ಯೂ, ತಾಯಿ. ಥ್ಯಾಂಕ್ಯೂ. ಇಷ್ಟು ಹೊತ್ತು ಹಸಿದು ಕೇಳಿದ ನಿಮಗೂ ವಂದನೆ, ನಮಸ್ಕಾರ.