ಬಾಯಿಗೆ ತಾಗಿಸದ ತೊಳೆನೀರು

ನಾನು ಚಮನಬಿ, ದಿವಂಗತ ಸಿರಾಜುದ್ದೀನನ ಹೆಂಡತಿ, ವಯಸ್ಸು ಸುಮಾರು ೪೮, ಕಸುಬು ತಿಪ್ಪೆಗಳಲ್ಲಿ ಚಿಂದಿ, ಶೀಶೆ ಆಯುವುದು, ವಾಸ ಹಾನಗಲ್. ಯಾರೂ ಕರೆಯದೆ ನಾನೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ದವಾಖಾನೆಯಲ್ಲಿ ಔಷಧ ಬೇಕಾದವರು ಶೀಶೆಯನ್ನು ತಾವೇ ತರಬೇಕು. ಯುದ್ಧ ಶುರುವಾದಂದಿನಿಂದ ಹೊಸ ಶೀಶೆ ಸಿಗುತ್ತಿಲ್ಲ. ಹನ್ನೊಂದು ವರ್ಷಗಳಿಂದ ನಾನು ಆಯ್ದ ಶೀಶೆಗಳನ್ನು ಬೂದಿಯಿಂದ ತೊಳೆದು, ದವಾಖಾನೆಯ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ದೂರ ಕುಳಿತು ಮಾರುತ್ತೇನೆ. ನನ್ನನ್ನು ಕಂಡರೆ ಮೂಗು ಮುಚ್ಚುವವರಿಗೂ ನನ್ನ ಶೀಶೆ ಬೇಕು. ಕೊನೆಯ ತೊಳೆನೀರನ್ನು ಕೊಳ್ಳುವವರ ಎದುರೇ ಕುಡಿದು ತೋರಿಸುವುದು ನನ್ನ ರೂಢಿ. ಏನಾದರೂ ರುಚಿ ಹತ್ತಿದರೆ ಆ ಶೀಶೆಯನ್ನು ಒಡೆದು ಹಾಕುತ್ತೇನೆ.

ದಿನಾಂಕ ೧೪-೯-೧೯೪೩ ಮಂಗಳವಾರ ಬೆಳಿಗ್ಗೆ ೬ ಗಂಟೆಗೆ ಊರ ಹೊರಗಿನ ತಿಪ್ಪೆಯಲ್ಲಿ ಒಂದು ಶೀಶೆ ಸಿಕ್ಕಿತು. ತಳದಲ್ಲಿ ಬಿಳಿ ಗಸಿ ಇತ್ತು, ವಾಸನೆ ಇರಲಿಲ್ಲ. ಹತ್ತಿರ ಎರಡು ನಾಯಿ ಸತ್ತು ಬಿದ್ದಿದ್ದವು. ತಿಪ್ಪೆಯಲ್ಲಿ ಸತ್ತ ನಾಯಿ ಹೊಸದಲ್ಲ. ಶೀಶೆಯನ್ನು ಎರಡು ಸಲ ತೊಳೆದೆ, ತಳದ ಸಂದಿಯಲ್ಲಿ ಗಸಿ ಅಂಟಿ ಉಳಿದದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

೯-೩೦ಕ್ಕೆ ತಿಳವಳ್ಳಿಯ ತಿಪ್ಪವ್ವ, ಚಳಿಜ್ವರ ಬಂದಿದ್ದ ಮಗಳು ಶಂಕ್ರವ್ವನನ್ನು (ವಯಸ್ಸು ೯) ಕರೆದುಕೊಂಡು ಬಂದು, ಕುಡದ ತೋರಸಬೇ ಎಂದಳು. ರಮಜಾನ್ ರೋಜಾ ಐತಿ, ಹನಿ ನೀರೂ ಬಾಯಾಗ ಹಾಕೂ ಹಂಗಿಲ್ಲ ಎಂದೆ. ಹಂಗಾದ್ರ ಬ್ಯಾಡ ಬಿಡಬೇ, ದೇವರ ಉಪಾಸ ಕೆಡಿಸಿದ ಪಾಪ ನನಗ್ಯಾಕ, ನಿನ್ನ ಮ್ಯಾಲ ನಂಬಿಕಿ ಐತಿ ಎಂದು ಆಕೆ ಶೀಶೆ ಒಯ್ದಳು.

ಕಂಪೌಂಡರ್ ಗಿರಿಯಪ್ಪ ಅದರಲ್ಲಿ ಜ್ವರದ ಔಷಧ ಹಾಕಿಕೊಟ್ಟ. ೯-೫೦ಕ್ಕೆ ತಿಪ್ಪವ್ವ ನನ್ನ ಪಕ್ಕದಲ್ಲೇ ಕುಳಿತು ಮಗಳಿಗೆ ಒಂದು ಗುಟುಕು ಕುಡಿಸಿದಳು. ಹುಡುಗಿ, ಭಾಳ ಕಹಿ ಐತ್ಯವ್ವಾ ಎಂದು ಉಗುಳಲು ಹೋದಳು. ಜ್ವರದ ಔಷಧ ಕಹೀನ ಇರ್ತೈತಿ, ನುಂಗವ್ವಾ ಎಂದು ಹೇಳಿದವಳು ನಾನು. ೧೦-೧೦ಕ್ಕೆ ಹುಡುಗಿಯ ಕಾಲು ಸೆಟೆದು ಮೈ ಹಿಂದಕ್ಕೆ ಬಾಗಿತು. ೧೦-೪೦ಕ್ಕೆ ಪ್ರಾಣ ಹೋಯಿತು. ನಾಯಿ ಕೊಲ್ಲುವ ವಿಷ ಹೊಟ್ಟೆಗೆ ಹೋಗಿದೆ ಎಂದು ಡಾಕ್ಟರರು ಹೇಳಿದರು. ಔಷಧ ಬದಲಿಸಿ ಕೊಟ್ಟನೆಂದು ಗಿರಿಯಪ್ಪನನ್ನು ಹಿಡಿದು ತಂದಿದ್ದೀರಿ.

ಆತನದು ತಪ್ಪಿಲ್ಲ. ವಿಷ ನನ್ನ ಶೀಶೆಯಲ್ಲಿತ್ತು. ಆತನನ್ನು ಬಿಡಬೇಕು, ನನ್ನನ್ನು ಏನು ಬೇಕಾದರೂ ಮಾಡಿ.

ನಿನ್ನೆ ಸಂಜೆ ಮಸೀದಿಯ ಹಿರಿಯರನ್ನು ಕೇಳಿದೆ. ನಾಲಿಗೆಗೆ ತಾಗಿಸಿ, ನುಂಗದೆ ಉಗುಳಿದ್ದರೆ ರೋಜಾ ಮುರಿಯುತ್ತಿರಲಿಲ್ಲ ಎಂದರು. ಇಷ್ಟು ವರ್ಷ ರೋಜಾ ಹಿಡಿದರೂ ನನಗೆ ಇದು ಗೊತ್ತಿರಲಿಲ್ಲ.

ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ. ಎಲ್ಲವೂ ನಡೆದದ್ದೇ, ಒಂದು ಮಾತೂ ಸುಳ್ಳಲ್ಲ.

ಸ್ಥಳ: ಹಾನಗಲ್
ದಿನಾಂಕ: ೧೫-೯-೧೯೪೩
ಚಮನಬಿಯ ಎಡಗೈ ಹೆಬ್ಬೆಟ್ಟಿನ ಗುರುತು