ಮುರಿದದ್ದು ಕೈ

ಮೂಳೆ ಡಾಕ್ಟರ ಕೋಣೆಯಿಂದ ಹೊರಬಂದ ಹುಡುಗಿ ನನ್ನ ಪಕ್ಕದಲ್ಲಿದ್ದ ತನ್ನ ಅಕ್ಕನ ಬಳಿ ಕುಳಿತಳು. ಅವಳ ಮಣಿಕಟ್ಟು ಬನ್ನಿನಂತೆ ಊದಿತ್ತು.

“ಏನಂದ್ರೇ ಡಾಕ್ಟ್ರು?”

“ಬಟ್ಟೆ ಬಿಚ್ಚು ಅಂದ್ರು, ಅಕ್ಕಾ.”

“ಕೈ ನೋಡೋಕಾ?”

“ಗಂಡಾಗಿ ಹುಟ್ಟಿ ಹೆಣ್ಣಾದೋರನ್ನ ಈ ಮಕ್ಕಳು ನೋಡಿಲ್ಲ, ತೋರ್ಸು ಅಂದ್ರು. ಕಲಿಯೋ ಹುಡುಗ್ರೆಲ್ಲ ಸುತ್ತ ನಿಂತಿದ್ರು.”

“ಥೂ! ಇವ್ರ ಓದಿಗಿಷ್ಟು ಬೆಂಕಿ ಹಾಕ. ನೀನೇನಂದೆ?”

“ಮುರಿದಿರೋದು ಕೈ ಸಾರ್, ಅಂದೆ. ನಕ್ರು.”

“ಕೈ ಹಿಡಿದಾದ್ರೂ ನೋಡಿದ್ರಾ?”

“ಎಲ್ಲಿ? ಮುಟ್ಟೋಕೆ ಹೇಸಿಗೆ, ನೋಡೋಕೆ ಆಸೆ.”

ಅಷ್ಟರಲ್ಲಿ ಆಯಾ ಬಾಗಿಲಿನಿಂದ ಇಣುಕಿದಳು. “ಇನ್ನೊಂದು ಬ್ಯಾಚ್ ಬಂದಿದೆ, ಬಾಮ್ಮ. ಅವ್ರು ನೋಡ್ಕೊಂಡ ಮೇಲೆ ನಿನ್ನ ಕೈಗೆ ಪಟ್ಟಿ ಹಾಕ್ತಾರಂತೆ.”

ಹುಡುಗಿ ನೋವು ತಾಳಲಾರದೆ ಒಳಗೆ ಹೋಗಲು ಅರ್ಧ ಎದ್ದಳು. ಅಕ್ಕ ಅವಳ ಭುಜ ಹಿಡಿದು ಮೆಟ್ಟಿಲ ಕಡೆ ತಿರುಗಿಸಿದಳು.

“ನಡಿಯೇ. ಈ ಹೊಲಸು ಕೈಗಳು ನಿನ್ನ ಮುಟ್ಟದೆ ಇದ್ದದ್ದೇ ಒಳ್ಳೇದಾಯ್ತು.”